ಹೊರಗಿನಿಂದ ಬೀಗ ಹಾಕಿದ ಬೀದಿ

ಲಸಿಕೆ ಹಾಕುವ ನರ್ಸಮ್ಮ ಬರುವ ದಿನ ಆ ಬೀದಿಗೆ ಬೀದಿಯೇ ಸತ್ತಂತೆ ಬಿದ್ದಿರುತ್ತಿತ್ತು. ಮಟಮಟ ಮಧ್ಯಾಹ್ನ ಹದಿನಾಲ್ಕು ಮನೆಗಳಿಗೂ ಹೊರಗಿನಿಂದ ಬೀಗ. ಜನ ಮಾತ್ರ ಎಲ್ಲಿಗೂ ಹೋಗಿರುತ್ತಿರಲಿಲ್ಲ. ಮಕ್ಕಳನ್ನು ಅವುಚಿಕೊಂಡು ಒಳಗೇ ಕೂತಿರುತ್ತಿದ್ದರು. ಬೀಗ ಹಾಕುತ್ತಿದ್ದವಳು ಮೂಲೆಯ ಇಸ್ತ್ರಿ ಅಂಗಡಿಯ ಅಜ್ಜಿ. ಬಟ್ಟೆಯನ್ನು ನಂಬಿ ಕೊಡುತ್ತಿದ್ದವರು ಬೀಗದ ಕೈಯನ್ನೂ ಅವಳಿಗೇ ಕೊಟ್ಟಿದ್ದರು. ಎಲ್ಲವೂ ಅವಳ ತಗಡಿನ ಡಬ್ಬಿಯಲ್ಲಿ.

ಅವತ್ತು ಗಿಣಿಯ ಅಮ್ಮನ ಬಾಗಿಲಲ್ಲಿ ಅಜ್ಜಿ ಹಿಂದೆಮುಂದೆ ನೋಡಿದಳು. ಗಿಣಿ ಎಂದರೆ ಎರಡು ವರ್ಷದ ಮಗಳು. ಬಾಯಿಗೆ ಬಿಡುವೇ ಇಲ್ಲದ್ದಕ್ಕೆ ಬಂದ ಹೆಸರು.

"ಬೇಡ ಕಣೇ. ಪಕ್ಕದ ಮನೆಗೂ ಪ್ರತಿ ಸಲ ನಾನೇ ಬೀಗ ಹಾಕ್ತಿದ್ದೆ. ಹೋದ ತಿಂಗಳು ಆ ಮಗು ಏನಾಯ್ತು, ನೋಡಿದ್ಯಲ್ಲ?"

"ಗಂಟಲಮಾರಿ ಬಂದ್ರೆ ಯಾರೇನು ಮಾಡೋಕಾಗತ್ತೆ ಅಜ್ಜಿ? ಸೂಜಿ ಚುಚ್ಚಿಸಿದ್ರೆ ಮಕ್ಕಳು ಬಾಡಿಹೋಗ್ತವಂತೆ. ಬೇಗ ಬೀಗ ಹಾಕಿ."

ಬೀಗ ಬಿತ್ತು. ಒಳಗೆ ಕತ್ತಲೆ. ಹೊರಗೆ ನರ್ಸಮ್ಮನ ಚಪ್ಪಲಿಯ ಸದ್ದು ಹತ್ತಿರವಾಯಿತು. ಗಿಣಿ ಮಾತಿಗೆ ಬಾಯಿ ತೆರೆದಳು. ಅಮ್ಮ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದಳು.

ಆಗ ಕೇಳಿಸಿತು. ಸಣ್ಣಗೆ, ಎಳೆದೆಳೆದು, ಸಿಳ್ಳೆಯಂಥ ಉಸಿರು. ಹೋದ ತಿಂಗಳು ಮೂರು ದಿನ ಗೋಡೆಯಾಚೆಯಿಂದ ಕೇಳಿದ ಅದೇ ಉಸಿರು! ಮಗುವನ್ನು ಮಣ್ಣು ಮಾಡಿ ಆ ಮನೆಯವರು ಊರು ಬಿಟ್ಟಿದ್ದರು. ಈಗ ಅಲ್ಲಿ ಯಾರೂ ಇಲ್ಲ. ಅಮ್ಮ ಗೋಡೆಗೆ ಕಿವಿಯಿಟ್ಟಳು. ಸದ್ದು ಗೋಡೆಯದಲ್ಲ. ಇನ್ನೂ ಹತ್ತಿರದ್ದು. ಅವಳ ಮಡಿಲಿನದ್ದು.

ಬಗ್ಗಿ ನೋಡಿದರೆ, ತನ್ನ ಅಂಗೈ ಮಗಳ ಮೂಗನ್ನೂ ಒತ್ತಿಹಿಡಿದಿತ್ತು.

ಕೈ ಕಿತ್ತುಕೊಂಡಳು. ಮಗು ಹೋ ಎಂದು ಅತ್ತಿತು. ಅಮ್ಮ ಅವಳನ್ನೆತ್ತಿಕೊಂಡು ಬಾಗಿಲು ಬಡಿದಳು.

"ಅಜ್ಜೀ! ಬಾಗಿಲು ತೆಗೀರಿ!"

ಬಾಗಿಲು ತಕ್ಷಣ ತೆರೆಯಿತು. ಅಜ್ಜಿ ಹೊಸ್ತಿಲು ಬಿಟ್ಟು ಕದಲಿರಲೇ ಇಲ್ಲ. ಪಕ್ಕದಲ್ಲಿ ನರ್ಸಮ್ಮ ನಿಂತಿದ್ದರು.

"ಗಂಟಲಮಾರಿ ತಡೆಯೋ ಲಸಿಕೆ ಇದು. ಚುಚ್ಚಿದ ಜಾಗ ಸ್ವಲ್ಪ ನೋಯತ್ತೆ, ಒಂದೆರಡು ದಿನ ಜ್ವರ ಬರಬಹುದು. ಜಾಸ್ತಿ ಆದ್ರೆ ನಂಗೆ ಫೋನ್ ಮಾಡಿ," ಎಂದರು ನರ್ಸಮ್ಮ.

ಗಿಣಿಯ ಅಮ್ಮ ನೋಡಿದ್ದು ಅಜ್ಜಿಯ ಮುಖವನ್ನು. "ನಿಮ್ಮ ಮೊಮ್ಮಗನಿಗೆ ಹಾಕಿಸ್ತೀರಾ?"

ಅಜ್ಜಿ ಡಬ್ಬಿಯ ತಳದಿಂದ ಒಂದು ಲಸಿಕೆ ಕಾರ್ಡು ತೆಗೆದಳು. "ಹೋದ ವಾರವೇ ಆಸ್ಪತ್ರೆಗೆ ಹೋಗಿ ಹಾಕಿಸ್ದೆ. ಒಂದು ದಿನ ಮೈ ಬೆಚ್ಚಗಿತ್ತು, ಅಷ್ಟೇ. ಈಗ ನಾನು ಮಡಿಸಿಟ್ಟ ಬಟ್ಟೆ ಮೇಲೇ ಕುಣೀತಾನೆ, ಕೋತಿ! ಬೀದಿಯವರು ಏನಂತಾರೋ ಅಂತ ಬಾಯಿ ಬಿಡಲಿಲ್ಲ. ತಪ್ಪು ಮಾಡ್ದೆ ಕಣೇ."

ಗಿಣಿಗೆ ಲಸಿಕೆ ಬಿತ್ತು. ಅಳು ನಿಂತದ್ದೇ ತಡ, ನರ್ಸಮ್ಮನನ್ನು ಬೈಯಲು ಶುರುಮಾಡಿದಳು. ಎದುರು ಮನೆಯ ಒಳಗಿನಿಂದ ಯಾರೋ ಬಾಗಿಲು ತಟ್ಟಿದರು.

"ಅಜ್ಜೀ... ನಮ್ದೂ ತೆಗೀರಿ."

ಒಂದೊಂದೇ ಬೀಗ ಕಳಚಿತು, ಬೀಗದ ಕೈ ಆಯಾ ಮನೆಯವರಿಗೆ ಮರಳಿತು. ಕೊನೆಗೆ ಡಬ್ಬಿಯಲ್ಲಿ ಉಳಿದದ್ದು ಪಕ್ಕದ ಮನೆಯ ಬೀಗದ ಕೈ ಒಂದೇ. ಅದನ್ನು ಕೇಳುವವರು ಯಾರೂ ಇರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಜನ ನಂಬುವವರು ಒಬ್ಬರಿರುತ್ತಾರೆ. ಅದು ನೀವೇ ಇರಬಹುದು. ನಿಮ್ಮ ಮಗುವಿಗೆ ಲಸಿಕೆ ಹಾಕಿಸಿದ್ದರೆ ಸುಮ್ಮನಿರಬೇಡಿ, ಪಕ್ಕದ ಮನೆಗೆ ಹೋಗಿ ಹೇಳಿ. ಯಾವುದಾದರೂ ಡೋಸು ತಪ್ಪಿದ್ದರೆ ತಡವಾಯಿತೆಂದು ಕೈಬಿಡಬೇಡಿ, ಇವತ್ತೇ ಆರೋಗ್ಯ ಕೇಂದ್ರದಲ್ಲಿ ಕೇಳಿ. ನರ್ಸಮ್ಮ ಬಂದಾಗ ನಿಮ್ಮ ಬಾಗಿಲು ತೆರೆದಿರಲಿ.