ದೊಡ್ಡಮ್ಮನ ಕಚ್ಚಾ ಹೊಲಿಗೆ

ಎಲ್ಲಿಂದ ಶುರು ಮಾಡಲಿ, ಓದುಗರೇ? ದೊಡ್ಡಮ್ಮನ ಹಳದಿ ಕಣ್ಣುಗಳಿಂದ ಮಾಡಿದ್ದೆ. ಡ್ರಾಫ್ಟ್ ಓದಿ ಮುಖ ಸಿಂಡರಿಸಿದಳು. "ಮೊದಲನೇ ಸಾಲಲ್ಲೇ ನನ್ನ ಸಾಯೋ ಹಾಗೆ ಮಾಡಿದ್ದೀಯಲ್ಲೋ." ಹರಿದು ಹಾಕಿದೆ.

೨. (ಒಂದನೆಯದು ಹರಿದದ್ದು ನಿಮಗೆ ಗೊತ್ತೇ ಇದೆ.) ದೊಡ್ಡಮ್ಮ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಪಿತ್ತ ಹರಿಯದೆ ಮೈಯೆಲ್ಲ ಹಳದಿಯಾಗಿತ್ತು. ತುರಿಕೆ ತಾಳದೆ ಅಳತೆಯ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ನಮಗೆಲ್ಲ ಜೀವ ಬಾಯಿಗೆ ಬಂದಿತ್ತು.

"ಹೊಟ್ಟೆ ಕೊಯ್ಯಲ್ಲ," ಎಂದರು ಡಾಕ್ಟರಮ್ಮ. "ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ, ನಾಳದೊಳಗೆ ತಂತಿ ತೂರಿಸಿ, ಕಲ್ಲು ಎಳೀತೀವಿ."

"ಪೈಜಾಮಕ್ಕೆ ಲಾಡಿ ಪೋಣಿಸಿದ ಹಾಗೆ," ಎಂದಳು ದೊಡ್ಡಮ್ಮ.

"ಹಾಗೇ. ಆದ್ರೆ ಪೈಜಾಮ ನಿದ್ದೆ ಮಾಡ್ತಿರುತ್ತೆ."

೩. ಇಲ್ಲಿ ಸಸ್ಪೆನ್ಸ್ ಬೇಕೆಂದು ಪುಟಗಟ್ಟಲೆ ಕಣ್ಣೀರು ಸುರಿಸಿದ್ದೆ. ಸುಳ್ಳು. ಒಳಗೆ ಕಲ್ಲು ಎಳೆಯುತ್ತಿದ್ದಾಗ ದೊಡ್ಡಪ್ಪ ಹೊರಗಿನ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. (ಭಯವಾದರೆ ಅವರಿಗೆ ನಿದ್ದೆ ಬರುತ್ತದೆ.)

ಸಣ್ಣ ಕಲ್ಲುಗಳು ಬಂದವು; ದೊಡ್ಡದೊಂದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪಿತ್ತ ಹರಿಯಲೆಂದು ಪಕ್ಕದಲ್ಲೇ ಸ್ಟೆಂಟ್, ಅಂದರೆ ಪುಟ್ಟ ಪ್ಲಾಸ್ಟಿಕ್ ಕೊಳವೆ, ಇಟ್ಟರು. ಕೆಲವು ವಾರಗಳ ನಂತರ ಬಂದು ಅದನ್ನೂ ಕಲ್ಲನ್ನೂ ತೆಗೆಸಿಕೊಳ್ಳಲೇಬೇಕು ಎಂದರು. ದೊಡ್ಡಮ್ಮನ ಕಣ್ಣು ಬೆಳ್ಳಗಾಯಿತು, ಬೈಗುಳವೂ ಮರಳಿತು. ನನಗೆ ಕುಣಿಯುವಷ್ಟು ಸಂತೋಷ.

೪. ಎಂಡಿಂಗ್ ಒಂದು: ಎಲ್ಲರೂ ಸುಖವಾಗಿದ್ದರು.

"ಇದೇ ಇರಲಿ," ಎಂದಳು ದೊಡ್ಡಮ್ಮ. "ಕಥೆ ಮುಗೀತು. ಮತ್ತೆ ಆಸ್ಪತ್ರೆ ಯಾಕೆ? ಗುಂಡುಕಲ್ಲಿನ ಹಾಗಿದ್ದೀನಿ." (ಕಲ್ಲಿನ ಮಾತು ಅವಳೇ ಎತ್ತಿದ್ದು, ನಾನಲ್ಲ.)

ಎಂಡಿಂಗ್ ಎರಡು: ಸ್ಟೆಂಟ್ ಒಳಗೇ ಉಳಿಯಿತು, ಕಟ್ಟಿಕೊಂಡಿತು, ಕೀವಾಗಿ ಚಳಿಜ್ವರ ಬಂತು... ಮುಂದೆ ಬರೆಯಲು ಕೈ ಏಳಲಿಲ್ಲ. ಅವಳಿಲ್ಲದ ಮನೆ ನನಗೆ ಬೇಡ.

"ದೊಡ್ಡಮ್ಮ, ಕಚ್ಚಾ ಹೊಲಿಗೆ ಬಿಚ್ಚದೆ ಯಾರಿಗಾದ್ರೂ ಬಟ್ಟೆ ಕೊಟ್ಟಿದ್ದೀಯಾ?"

ಮಷಿನ್ ನಿಂತಿತು. "ಕೊಟ್ರೆ ನನ್ನ ಕೈಗೆ ಮರ್ಯಾದೆ ಇರುತ್ತೇನೋ? ಅದು ತಾತ್ಕಾಲಿಕ ದಾರ. ಗಿರಾಕಿ ಬಾಗಿಲಲ್ಲಿ ನಿಂತಿದ್ರೂ ಬಿಚ್ಚೇ ಕೊಡೋದು."

"ನಿನ್ನ ಹೊಟ್ಟೇಲಿರೋದೂ ಅದೇ."

ಕನ್ನಡಕ ತೆಗೆದು ಮಷಿನ್ ಮೇಲಿಟ್ಟಳು. "ಹೋಗಿ ಹೋಗಿ ನಿನ್ನ ಕೈಲಿ ಪಾಠ ಹೇಳಿಸಿಕೊಂಡೆ. ಬುಧವಾರ ಬರ್ತೀನಿ ಅಂತ ಡಾಕ್ಟರಿಗೆ ಹೇಳು. ನಿನ್ನ ದೊಡ್ಡಪ್ಪನಿಗೆ ಒಂದು ದಿಂಬು ತಗೋ."

೫. ಆದ್ದರಿಂದ ಕಥೆ ಮುಗಿಸುವುದಿಲ್ಲ. ಮುಗಿಸಿದರೆ ಅವಳು ಅದೇ ನೆಪದಲ್ಲಿ ತಪ್ಪಿಸಿಕೊಳ್ಳುತ್ತಾಳೆ. ಪೂರ್ಣವಿರಾಮ ಕೊಳವೆ ಹೊರಬಂದ ಮೇಲೆಯೇ. ಇವತ್ತು ಬುಧವಾರ, ದಿಂಬು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದೇನೆ. ಒಳಗಿನಿಂದ ಅವಳು "ಒಂದೇ ಒಂದು ಹೊಲಿಗೆ, ಬಂದೆ" ಎನ್ನುತ್ತಿದ್ದಾಳೆ, ಮಷಿನ್ ಇನ್ನೂ