ಬಲಗಡೆಯ ಪಟ್ಟಿ

ಗುಮ್ಮಘಟ್ಟದ ಕಮ್ಮಾರ ಕದರಪ್ಪನಿಗೆ ನಲವತ್ತು ದಾಟಿತ್ತು. ಈ ವಯಸ್ಸಿನವರೆಗೂ ಅವನು ಮೊಣಕಾಲು ಮೀರಿದ ನೀರಿಗೆ ಇಳಿದವನಲ್ಲ. ಅಂಥವನ ಕೈಗೆ ಆ ಆಷಾಢದಲ್ಲಿ ಒಂದು ದೋಣಿಯ ಕೆಲಸ ಬಂತು.

ಊರಾಚೆಯ ದೊಡ್ಡ ಕೆರೆಯಲ್ಲಿ ಹೂಳು ಎಷ್ಟು ತುಂಬಿದೆಯೆಂದು ಅಳೆಯಲು ಮದ್ರಾಸು ಸರ್ಕಾರ ಸಂಜೀವಪ್ಪನೆಂಬ ಓವರ್‌ಸೀಯರನನ್ನು ಕಳಿಸಿತ್ತು. ಮಡಕಶಿರಾ ಕಡೆಯವನು, ಇನ್ನೂ ಮೂವತ್ತು ತುಂಬದ ಹುರುಪಿನ ಆಳು. ಸಮುದ್ರ ದಂಡೆಯ ಊರೊಂದರಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಹಾಯಿದೋಣಿಯೊಂದನ್ನು ರೈಲಿನಲ್ಲಿ ರಾಯದುರ್ಗಕ್ಕೆ ತರಿಸಿ, ಅಲ್ಲಿಂದ ಎತ್ತಿನ ಗಾಡಿಯ ಮೇಲೆ ಕೆರೆಯ ದಂಡೆಗೆ ಸಾಗಿಸಿದ್ದ.

ದೋಣಿಯ ನಡುವೆ ಹಾಯಿಯ ಕಂಬ. ಅದು ಅಲುಗದಂತೆ ತುದಿಯಿಂದ ಎಡಕ್ಕೊಂದು, ಬಲಕ್ಕೊಂದು ದಪ್ಪ ಹಗ್ಗ ಇಳಿದು ಬಂದು, ದೋಣಿಯ ಮಗ್ಗುಲಿಗೆ ಬಿಗಿದ ಕಬ್ಬಿಣದ ಪಟ್ಟಿಗೆ ಕಟ್ಟಿಕೊಂಡಿದ್ದವು. ಉಪ್ಪುನೀರು ಆ ಪಟ್ಟಿಗಳನ್ನು ತಿಂದು ಹಾಕಿತ್ತು; ಹೊಸದು ಬಡಿದು ಕೂಡಿಸುವುದು ಕದರಪ್ಪನ ಕೆಲಸ.

"ಗಾಳಿಯ ಬಿರುಸೆಲ್ಲ ಬೀಳೋದು ಈ ಪಟ್ಟಿ ಮೇಲೇನೇ," ಎಂದ ಸಂಜೀವಪ್ಪ. "ಇದು ಕಿತ್ತು ಬಂದ್ರೆ ಕಂಬ ಬೀಳ್ತದೆ. ಕಂಬ ಬಿದ್ರೆ ದೋಣಿ ಮಗುಚ್ಕೊಳ್ತದೆ."

ಕದರಪ್ಪ ಎಡಗಡೆಯ ಪಟ್ಟಿಯನ್ನು ಬಿಚ್ಚಿ, ಅದರ ಹಿಂದಿನ ಮರಕ್ಕೆ ದಬ್ಬಳ ಚುಚ್ಚಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಕೊಳೆತದ್ದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ಒಣಗಿದ ಜಾಲಿಯ ದಿಮ್ಮಿಯನ್ನು ಕೂಡಿಸಿ, ಒಳಮಗ್ಗುಲಿಗೆ ಇನ್ನೊಂದು ಕಬ್ಬಿಣದ ತಗಡು ಕೊಟ್ಟು, ನಾಲ್ಕು ಬೋಲ್ಟು ಬಿಗಿದ. ಅಷ್ಟಕ್ಕೇ ಮೂರು ದಿನ ಹಿಡಿಯಿತು.

ಬಲಗಡೆಗೆ ಬಂದಾಗ ಅವನ ಕುಲುಮೆಯ ಮುಂದೆ ನೇಗಿಲ ಕುಳ ಬಡಿಸಿಕೊಳ್ಳಲು ಬಂದ ರೈತರು ಕಾದು ಕೂತಿದ್ದರು. ಮರಕ್ಕೆ ಸುತ್ತಿಗೆಯಿಂದ ತಟ್ಟಿ ನೋಡಿದ. ಗಟ್ಟಿ ಮರದ ಸದ್ದು ಬರಲಿಲ್ಲ, 'ದೊಬ್' ಎಂದಿತು. ಇನ್ನೊಮ್ಮೆ ತಟ್ಟಲು ಕೈ ಏಳಲಿಲ್ಲ. ಹಳೆಯ ಮರದ ಮೇಲೆಯೇ ಹೊಸ ಪಟ್ಟಿ ಕೂಡಿಸಿ, ಮೇಲೆ ಡಾಂಬರು ಬಳಿದು, "ಆತ್ರಿ" ಎಂದುಬಿಟ್ಟ.

"ಹಂಗಾದ್ರೆ ನಾಳೆ ಹೊತ್ತಾರೆ ಬಾ. ಮಾಡಿದೋನೇ ಮೊದ್ಲು ಹತ್ಬೇಕು," ಎಂದ ಸಂಜೀವಪ್ಪ.

ಕದರಪ್ಪ ಡಾಂಬರಿನ ಡಬ್ಬಿಯನ್ನು ಕೆಳಗಿಟ್ಟ. "ನನಗ ಈಸು ಬರಂಗಿಲ್ರಿ."

"ಈಜೋಕೆ ಯಾರು ಕರೆದ್ರು? ಸುಮ್ನೆ ಕೂತ್ಕೊಳೋದು."

ಆಗಲೇ ಹೇಳಬೇಕಿತ್ತು. ಹೇಳಲು ನಾಚಿಕೆ ಬಿಡಲಿಲ್ಲ. ಮನೆಯಲ್ಲಿ ಹೆಂಡತಿ ಮೈಲಾರಮ್ಮ ಇಟ್ಟ ಮುದ್ದೆಯನ್ನು ಎರಡು ತುತ್ತಿಗೇ ಬಿಟ್ಟು ಎದ್ದ.

ಬೆಳಿಗ್ಗೆ ಪಡುವಣ ಗಾಳಿ ಜೋರಾಗಿತ್ತು. ಆಳ ನೋಡುವ ಸೀಸದ ಗುಂಡಿನ ಹಗ್ಗವನ್ನು ಒಳಗೆ ಹಾಕಿಕೊಂಡು ಸಂಜೀವಪ್ಪ ದೋಣಿಯನ್ನು ಬಡಗಣ ದಿಕ್ಕಿಗೆ ಬಿಟ್ಟ. ಗಾಳಿ ಎಡಗಡೆಯಿಂದ ಬೀಸುತ್ತಿತ್ತು; ಎಡಗಡೆಯ ಹಗ್ಗ ತಂತಿಯಂತೆ ಬಿಗಿದು ನಿಂತಿತು. ಜಾಲಿಯ ದಿಮ್ಮಿ ಮಿಸುಕಲಿಲ್ಲ. ಬಲಗಡೆಯ ಹಗ್ಗ ಸಡಿಲವಾಗಿ ತೂಗಾಡುತ್ತಿತ್ತು.

ಕೂತ ಹಲಗೆಯನ್ನು ಎರಡೂ ಕೈಯಿಂದ ಹಿಡಿದಿದ್ದ ಕದರಪ್ಪನಿಗೆ ಆಗ ಹೊಳೆಯಿತು. ವಾಪಸು ಬರುವಾಗ ಗಾಳಿ ಬಲಗಡೆಯಿಂದ ಬೀಸುತ್ತದೆ. ಆಗ ಭಾರವೆಲ್ಲ ಆ ಪಟ್ಟಿಯ ಮೇಲೆ.

ಹಿಂದೆ ನೋಡಿದರೆ ದಂಡೆ ಒಂದು ಗೆರೆಯಾಗಿತ್ತು. ದೋಣಿಯ ಕೆಳಗೆ ಕಪ್ಪು ನೀರು. ಹೇಳು, ಈಗಲೇ ಹೇಳು ಎಂದು ಮನಸ್ಸು ತಿವಿಯುತ್ತಿತ್ತು. ಅವನು ಹಲಗೆಯನ್ನು ಇನ್ನೂ ಬಿಗಿಯಾಗಿ ಹಿಡಿದ.

"ತಿರುಗ್ಸೋಣ," ಎಂದು ಸಂಜೀವಪ್ಪ ಚುಕ್ಕಾಣಿ ಎಳೆದ.

ಹಾಯಿ ಪಟಪಟ ಬಡಿದು ಆಚೆ ಮಗ್ಗುಲಿಗೆ ಹೊರಳಿತು. ಬಲಗಡೆಯ ಹಗ್ಗ ಒಮ್ಮೆಲೇ ಬಿಗಿಯಿತು. 'ಕಿರ್ರ್' ಎಂದಿತು. ಡಾಂಬರು ಸೀಳಿತು, ಪಟ್ಟಿ ಬೆರಳಗಲ ಮೇಲೆದ್ದಿತು, ಬೋಲ್ಟಿನ ಸುತ್ತಲಿಂದ ಒದ್ದೆ ಮರದ ಪುಡಿ ಉದುರಿತು.

"ತಿರುಗಸ್ರೀ! ಹೋದ ದಿಕ್ಕಿಗೇ ತಿರುಗಸ್ರೀ!"

"ಯಾಕೋ?"

"ಬಲಗಡಿ ಕಟ್ಟಿಗಿ ಕೊಳತೈತ್ರಿ! ನನಗ ಗೊತ್ತಿತ್ರಿ!"

ಸಂಜೀವಪ್ಪ ಚುಕ್ಕಾಣಿಯ ಮೇಲೆ ಮೈ ಹಾಕಿದ. ದೋಣಿ ತಿರುಗುವಷ್ಟರಲ್ಲಿ ಪಟ್ಟಿ ಮತ್ತೊಂದು ಬೆರಳು ಮೇಲೆದ್ದಿತು. ಕಂಬ ಓಲಾಡಿತು. ಕದರಪ್ಪ ಹಲಗೆಯನ್ನು ಬಿಟ್ಟ. ಹೇಗೆ ಬಿಟ್ಟನೋ ಅವನಿಗೇ ಗೊತ್ತಿಲ್ಲ. ಆಳ ನೋಡುವ ಹಗ್ಗ ಬಾಚಿ, ಕಂಬದ ಬಲಗಡೆಯ ಹಗ್ಗಕ್ಕೆ ಸುತ್ತಿ, ಕೂರುವ ಅಡ್ಡ ಹಲಗೆಯ ಕೆಳಗಿಂದ ತೂರಿಸಿ, ಕಾಲು ಕೊಟ್ಟು ಜಗ್ಗಿದ. ಅಂಗೈ ಸುಲಿಯಿತು. ನೀರು ಒಳಗೆ ನುಗ್ಗಿ ಸೊಂಟದವರೆಗೂ ತೋಯಿಸಿತು. ಅವನು "ಯಪ್ಪಾ, ಯಪ್ಪಾ" ಎನ್ನುತ್ತಲೇ ಜಗ್ಗಿ ಹಿಡಿದ.

ಹಾಯಿ ಮತ್ತೆ ಹೊರಳಿತು. ಭಾರ ಎಡಗಡೆಗೆ ಬಿತ್ತು. ಜಾಲಿಯ ದಿಮ್ಮಿ ತಡೆಯಿತು. ಹಾಗೇ ಓಡಿದ ದೋಣಿ ಬಡಗಣ ದಡದ ಕೆಸರಿಗೆ ಮೂತಿ ತೂರಿ ನಿಂತಿತು.

ಇಬ್ಬರೂ ಕೆಸರಲ್ಲೇ ಕುಸಿದು ಕೂತರು. ಕದರಪ್ಪ ಬೈಗುಳಕ್ಕೂ ಏಟಿಗೂ ಸಿದ್ಧನಾಗಿ ತಲೆ ತಗ್ಗಿಸಿದ್ದ. ತಲೆಯೆತ್ತಿದರೆ ಓವರ್‌ಸೀಯರ ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕೂತಿದ್ದ.

"ನಂಗೂ ಈಜು ಬರಲ್ಲ ಕಣಯ್ಯ," ಎಂದ ಸಂಜೀವಪ್ಪ. ಆಮೇಲೆ ದನಿ ಗಡುಸಾಯಿತು. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಕೆಲಸ ಮುಗಿದ್ರ ಸಾಕಂತ ಆಗಿತ್ರಿ. ಆಮ್ಯಾಲ ಹೇಳಾಕ ಅಂಜಿಕಿ ಬಂತು."

"ನೆಡಿ. ಆ ಮರ ಕಿತ್ತು ಮೊದ್ಲಿಂದ ಮಾಡು."

ಕದರಪ್ಪ ಊರಿನಿಂದ ಸಾಮಾನು ತರಿಸಿ ಅಲ್ಲೇ ದಡದಲ್ಲಿ ಕುಲುಮೆಯ ತಿದಿ ಹೂಡಿದ. ಸುಲಿದ ಕೈಗೆ ಬಟ್ಟೆ ಸುತ್ತಿಕೊಂಡು, ಬಲಗಡೆಯ ಕೊಳೆತ ಮರವನ್ನು ಗಟ್ಟಿ ಸದ್ದು ಬರುವವರೆಗೂ ಕೆತ್ತಿದ. ಒಂದು ಮೊಳದಷ್ಟು ತೆಗೆಯಬೇಕಾಯಿತು. ಉದ್ದನೆಯ ದಿಮ್ಮಿ, ಅಗಲವಾದ ತಗಡು, ನಾಲ್ಕರ ಜಾಗದಲ್ಲಿ ಆರು ಬೋಲ್ಟು. ಕೆಲಸಕ್ಕೆ ಐದು ದಿನ ಹಿಡಿಯಿತು. ಅತ್ತ ಕುಳ ತಂದ ರೈತರು ಶಪಿಸಿ ಬೇರೆ ಊರಿಗೆ ಹೋದರು.

ಆರನೆಯ ದಿನ ಯಾರೂ ಕರೆಯದಿದ್ದರೂ ಅವನೇ ದೋಣಿ ಹತ್ತಿದ. ಬಲಗಡೆಯ ಪಟ್ಟಿಯ ಮೇಲೆ ಅಂಗೈ ಇಟ್ಟುಕೊಂಡು ಕೂತ. ಸಂಜೀವಪ್ಪ ದೋಣಿಯನ್ನು ಊರ ಕಡೆಗೆ ಬಿಟ್ಟ. ಗಾಳಿ ಬಲಗಡೆಯಿಂದ ಹಾಯಿಗೆ ಬಡಿಯಿತು. ಹಗ್ಗ ಬಿಗಿಯಿತು. ಅವನು ಕಣ್ಣು ಮುಚ್ಚಿಕೊಂಡ. ಅಂಗೈ ಕೆಳಗೆ ಕಬ್ಬಿಣ ಸಣ್ಣಗೆ ಅದುರುತ್ತಿತ್ತು, ಅಷ್ಟೇ, ಮೇಲೇಳಲಿಲ್ಲ.

ಗುಮ್ಮಘಟ್ಟದ ದಂಡೆ ಮುಟ್ಟುವವರೆಗೂ ಅವನು ಕಣ್ಣು ತೆರೆಯಲಿಲ್ಲ.