ಆಲ್ಡರ್‌ಫೀಲ್ಡಿನ ಎರಡು ಮತಗಳು

ಅಮೀರ್ ಲೆಕ್ಕಾಚಾರದ ಮನುಷ್ಯ. ಸೂಪರ್ ಮಾರ್ಕೆಟ್ಟಿನಲ್ಲಿ ಯಾವ ಸಾಲು ಬೇಗ ಕರಗುತ್ತದೆ ಎಂದು ದೂರದಿಂದಲೇ ನೋಡಿ, ಮುಂದಿರುವವರ ಟ್ರಾಲಿಗಳನ್ನು ಕಣ್ಣಲ್ಲೇ ತೂಗಿ, ಆಮೇಲೆ ಹೋಗಿ ನಿಲ್ಲುವವನು. ಅವನು ನಿಂತ ಕೂಡಲೇ ಆ ಸಾಲು ನಿಧಾನವಾಗುತ್ತಿತ್ತು. ಲೆಕ್ಕ ಸರಿಯಿತ್ತು, ಜನ ಸರಿಯಿರಲಿಲ್ಲ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿ ಜುವೈರಿಯಾಗೆ ವಿವರಿಸುತ್ತಿದ್ದ.

ಇಂಥವನ ಕೈಗೆ ಈ ವರ್ಷ ಒಂದು ಉಪಚುನಾವಣೆ ಸಿಕ್ಕಿತು.

ದೋಹಾಕ್ಕೆ ಬಂದು ಅಲ್ ಸದ್ದ್‌ನಲ್ಲಿ ಫ್ಲ್ಯಾಟ್ ಹಿಡಿಯುವ ಮೊದಲು ಗಂಡ ಹೆಂಡತಿ ಬಹಳ ವರ್ಷ ಇಂಗ್ಲೆಂಡಿನ ಆಲ್ಡರ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿದ್ದರು. ಮಗಳು ಹಿಬಾ ಹುಟ್ಟಿದ್ದು ಅಲ್ಲೇ. ಅಲ್ಲಿನ ಪಾಸ್‌ಪೋರ್ಟ್ ಆಗಿತ್ತು, ಮತದಾರರಾಗಿ ಹೆಸರೂ ಉಳಿದಿತ್ತು. ಆ ಊರಿನ ಸಂಸದ, ನೀಲಿ ಪಕ್ಷದವನು, ಬೇರೆ ಉದ್ಯೋಗ ಹಿಡಿದು ರಾಜೀನಾಮೆ ಕೊಟ್ಟ. ಸುದ್ದಿ ಓದಿದ ಸಂಜೆಯೇ ಅಮೀರ್ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ. ಕರಾವಳಿಯ ತಮ್ಮ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ತಾಯಿ ಕುಲ್ಸುಂ, ತಟ್ಟೆ ಇಡಲು ಜಾಗವಿಲ್ಲದೆ ಸೋಫಾದಲ್ಲಿ ಕೂತು ಉಂಡರು.

ಅಮೀರ್ ಮೊದಲಿನಿಂದ ಕೆಂಪು ಪಕ್ಷದ ಕಡೆಯವನು. ಆದರೆ ಆಲ್ಡರ್‌ಫೀಲ್ಡಿನಲ್ಲಿ ಕೆಂಪು ಗೆದ್ದ ಉದಾಹರಣೆ ಇರಲಿಲ್ಲ. ನೀಲಿಯನ್ನು ಸೋಲಿಸುವ ತಾಕತ್ತಿದ್ದದ್ದು ಹಳದಿಗೆ ಮಾತ್ರ. ಆದ್ದರಿಂದ ಬುದ್ಧಿ ಇದ್ದವರು ತಮಗೆ ಬೇಕಾದವರಿಗಲ್ಲ, ಬೇಡದವರನ್ನು ಕೆಡವಬಲ್ಲವರಿಗೆ ಮತ ಹಾಕಬೇಕು ಎಂಬುದು ಅವನ ವಾದ. ಇದಕ್ಕೆ ಅಲ್ಲಿ ಟ್ಯಾಕ್ಟಿಕಲ್ ವೋಟಿಂಗ್ ಎನ್ನುತ್ತಾರೆಂದು ತಾಯಿಗೂ ಹೇಳಿಕೊಟ್ಟ. ಕುಲ್ಸುಂ ತಲೆಯಾಡಿಸಿ, ಊರಿನ ಪಂಚಾಯತ್‌ನಲ್ಲಿ ಇದಕ್ಕೆ ಹೆಸರೇ ಇಲ್ಲ, ಎಲ್ಲರೂ ಹಾಗೇ ಮಾಡುವುದು ಎಂದರು.

ಅಂಚೆಯಲ್ಲಿ ಮತ ಕಳಿಸಿದರೆ ಸಮಯಕ್ಕೆ ಮುಟ್ಟುವ ಭರವಸೆ ಇರಲಿಲ್ಲ. ಆದರೆ ಅಲ್ಲೇ ಇರುವ ಒಬ್ಬರನ್ನು ಪ್ರಾಕ್ಸಿ ಎಂದು ನೇಮಿಸಿದರೆ, ಅವರು ಮತಗಟ್ಟೆಗೆ ಹೋಗಿ ಗಂಡ ಹೆಂಡತಿ ಇಬ್ಬರ ಪರವಾಗಿಯೂ ಗುರುತು ಹಾಕಬಹುದಿತ್ತು. ಅಮೀರ್ ಆರಿಸಿದ್ದು ಹಳೆಯ ನೆರೆಮನೆಯ ರೆಮಿಜಿಯಸ್‌ರನ್ನು. ಬಂಟ್ವಾಳ ಕಡೆಯವರು, ಆಲ್ಡರ್‌ಫೀಲ್ಡಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು, ಮಾತಿಗೆ ತಪ್ಪದವರು. ಒಂದೇ ತೊಂದರೆಯೆಂದರೆ ರೆಮಿಜಿಯಸ್ ಅಪ್ಪಟ ನೀಲಿ. ಅಮೀರ್ ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡ. ದಿನಾ ಆಫೀಸಿಗೆ ಹೋಗುವಾಗ ಸಿಗ್ನಲ್ಲುಗಳಲ್ಲಿ ನಿಂತು, ನೀಲಿ ಯಾಕೆ ಸೋಲಬೇಕು ಎಂದು ಅವರಿಗೆ ವಾಯ್ಸ್ ಮೆಸೇಜ್ ಕಳಿಸತೊಡಗಿದ.

ಅಭ್ಯರ್ಥಿಗಳ ಹೆಸರು ಹೊರಬಿದ್ದ ದಿನ ಜುವೈರಿಯಾ ಫೋನ್ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. ಕೊನೆಯಲ್ಲಿ, ಯಾವ ಪಕ್ಷವೂ ಇಲ್ಲದೆ, ಬ್ರೆಂಡಾ ಹಾಲ್ಟ್ ಎಂಬ ಹೆಸರಿತ್ತು. ಊರಿನ ಲೈಬ್ರರಿಯಾಕೆ. ಲೈಬ್ರರಿ ಮುಚ್ಚುವ ಮಾತು ಬಂದದ್ದಕ್ಕೆ ಸಿಟ್ಟಾಗಿ ಚುನಾವಣೆಗೆ ನಿಂತಿದ್ದಳು.

ಹಿಬಾ ಹುಟ್ಟಿದ ಚಳಿಗಾಲದಲ್ಲಿ ಅಮೀರ್‌ಗೆ ಶಿಫ್ಟ್ ಕೆಲಸ. ಜುವೈರಿಯಾಗೆ ಕಾಲೇಜಿನ ಇಂಗ್ಲಿಷ್ ಓದಲು ಬರುತ್ತಿತ್ತು, ಬಾಯಿಂದ ಹೊರಡುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಉಸಿರು ಕಟ್ಟಿದಾಗ ಮಗುವನ್ನು ಎತ್ತಿಕೊಂಡು ಲೈಬ್ರರಿಗೆ ಹೋಗುತ್ತಿದ್ದಳು. ಬ್ರೆಂಡಾ ಹೀಟರಿನ ಪಕ್ಕದ ಕುರ್ಚಿಯನ್ನು ಅವಳಿಗಾಗಿ ಹಿಡಿದಿಡುತ್ತಿದ್ದಳು. ಒಮ್ಮೆ ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ, ಮಕ್ಕಳಿಗೆ ಕತೆ ಓದುವ ಕೆಲಸವನ್ನು ಇವಳ ಕೈಗೆ ಹಾಕಿದಳು. ಜುವೈರಿಯಾ ತಡವರಿಸುತ್ತಲೇ ಓದಿದಳು. ಆಮೇಲೆ ವಾರವಾರವೂ ಬ್ರೆಂಡಾಗೆ ಗಂಟಲು ಕಟ್ಟುತ್ತಿತ್ತು.

ತನ್ನ ಮತ ಬ್ರೆಂಡಾಗೆ ಎಂದು ಜುವೈರಿಯಾ ಹೇಳಿದಳು. ಅಮೀರ್ ಕಂಗಾಲಾದ. ಬ್ರೆಂಡಾ ಒಳ್ಳೆಯವಳೇ, ಆದರೆ ಠೇವಣಿ ಸಹ ಉಳಿಯುವುದಿಲ್ಲ, ಆ ಮತ ನೀರಿಗೆ ಹಾಕಿದ ಹಾಗೆ ಎಂದ. ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ಹಳೆಯ ಫಲಿತಾಂಶಗಳ ಬಣ್ಣಬಣ್ಣದ ಕಂಬಗಳನ್ನು ತೋರಿಸಿದ. ಜುವೈರಿಯಾ ಬಟ್ಟೆ ಮಡಚುತ್ತಿದ್ದರೆ ಎದುರಿಗೆ ಕೂತು, ತಾನೂ ಒಂದೆರಡು ಮಡಚುತ್ತ, ಶೇಕಡಾವಾರು ವಿವರಿಸಿದ. ಅವನು ಮಡಚಿದ್ದನ್ನು ಅವಳು ಬಿಚ್ಚಿ ಮತ್ತೆ ಮಡಚಿದಳು.

ಎರಡು ವಾರ ಹೀಗೆ ನಡೆದ ಮೇಲೆ ಒಂದು ದಿನ ಅವಳು, "ಆಯ್ತು, ಹಳದಿಗೇ ಹಾಕ್ಲಿಕ್ಕೆ ಹೇಳ್ತೇನೆ, ಖಲಾಸ್. ಇನ್ನು ಟೀವಿ ಬಿಡಿ" ಎಂದಳು.

ಅಮೀರ್ ಗೆದ್ದ. ಆ ವಾರ ಬಿನ್ ಮಹಮೂದ್ ಬಡಾವಣೆಯ ಕೆಫೆಟೇರಿಯಾದಲ್ಲಿ ಗೆಳೆಯ ಇಮ್ತಿಯಾಝ್ ಮತ್ತು ಇತರರಿಗೆ, ದೋಹಾದಿಂದ ಎರಡು ಮತ ಹೇಗೆ ಒಂದೇ ಕಡೆ ಬೀಳಲಿವೆ ಎಂದು ಮೇಜಿನ ಮೇಲೆ ಚಹಾದ ಲೋಟಗಳನ್ನು ಸರಿಸಿ ಸರಿಸಿ ತೋರಿಸಿದ.

ಮತದಾನದ ಮುನ್ನಾದಿನ ಊಟಕ್ಕೆ ಕೂತಾಗ ಕುಲ್ಸುಂ ಮಗನನ್ನು ಕೇಳಿದರು: "ಹಿಬಾ ಹುಟ್ಟಿದಾಗ ನಂಗೆ ವೀಸಾ ಆಗ್ಲಿಲ್ಲ ಅಲ್ವಾ? ಆಗ ಇವಳ ಹತ್ರ ಇದ್ದದ್ದು ಆ ಲೈಬ್ರರಿಯ ಹೆಂಗಸಾ?"

ಅಮೀರ್ ಹೌದೆಂದ. ಕುಲ್ಸುಂ ಸೊಸೆಯ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕಿದರು. ಅಮೀರ್‌ಗೆ ಹಾಕಲಿಲ್ಲ.

ಮರುದಿನ ಗುರುವಾರ. ಮಧ್ಯಾಹ್ನ ಆಫೀಸಿನಲ್ಲಿ ಊಟಕ್ಕೆ ಕೂತಾಗ ತಾಯಿ ತನಗೆ ಹಾಕದ ಮೀನು ನೆನಪಾಯಿತು. ಹೆಂಡತಿ ಒಪ್ಪಿದ್ದಲ್ಲ, ಸೋತದ್ದು ಎಂದು ಈಗ ಹೊಳೆಯಿತು. ಅವಳ ಮತ ಹಳದಿಗೆ ಹೋಗುವುದಾದರೆ ತನ್ನದಾದರೂ ಬ್ರೆಂಡಾಗೆ ಇರಲಿ ಎಂದುಕೊಂಡು ಮೆಟ್ಟಿಲ ಬಳಿ ಹೋಗಿ ರೆಮಿಜಿಯಸ್‌ಗೆ ಫೋನ್ ಮಾಡಿದ. ಅವರು ಆಗಷ್ಟೇ ಶೂ ಹಾಕಿಕೊಳ್ಳುತ್ತಿದ್ದರು. ವಿಷಯ ಕೇಳಿ, ಬ್ರೆಂಡಾಗೇನಾ ಎಂದು ಎರಡು ಸಲ ಕೇಳಿದರು.

"ಜುವೈರಿಯಾಗೆ ಗೊತ್ತಾಗುದು ಬೇಡ ಅಂಕಲ್," ಎಂದ ಅಮೀರ್.

"ನನ್ನ ಬಾಯಿಂದ ಬರ್ಲಿಕ್ಕಿಲ್ಲ," ಎಂದರು ರೆಮಿಜಿಯಸ್. ಅವರ ಸ್ವರದಲ್ಲಿ ನಗು ಇದ್ದ ಹಾಗಿತ್ತು. ಅಮೀರ್ ಅದನ್ನು ಗಮನಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಎದ್ದಾಗ ಫಲಿತಾಂಶ ಬಂದಿತ್ತು. ಹಳದಿ ಭಾರೀ ಅಂತರದಲ್ಲಿ ಗೆದ್ದಿತ್ತು. ಬ್ರೆಂಡಾಗೆ ಕೆಲವು ನೂರು ಮತ ಬಿದ್ದು ಠೇವಣಿ ಹೋಗಿತ್ತು. ಅಮೀರ್‌ನ ಫೋನಿನಲ್ಲಿ ಗೆಳೆಯರ ಅಭಿನಂದನೆಗಳು ಸಾಲುಗಟ್ಟಿದ್ದವು. ಅವನು ಚಹಾ ಕುಡಿಯುತ್ತ, ಇದರಲ್ಲಿ ಹೆಂಡತಿಯ ತ್ಯಾಗ ದೊಡ್ಡದು ಎಂದು ತಾಯಿಯೆದುರು ಹೊಗಳಿದ. ಎರಡನೇ ಸಲ ಹೊಗಳಿದಾಗ ಜುವೈರಿಯಾ ಕೂತಲ್ಲೇ ಮಿಸುಕಾಡಿದಳು. ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ನಾನು ಹಳದಿಗೆ ಹಾಕ್ಸಲೇ ಇಲ್ಲ. ಬ್ರೆಂಡಾಗೆ ಹಾಕಿ ಅಂತ ಅಂಕಲ್‌ಗೆ ಮೊದಲೇ ಹೇಳಿ ಆಗಿತ್ತು. ನೀವು ಟೀವಿ ಬಿಡ್ಲಿ ಅಂತ ಸುಮ್ನೆ ಒಪ್ಪಿದ್ದು."

ಅಮೀರ್ ಲೋಟ ಕೆಳಗಿಟ್ಟ. ಅವಳು ಜಗಳಕ್ಕೆ ಸಿದ್ಧಳಾಗಿ ನೆಟ್ಟಗೆ ಕೂತಳು. ಅವನು ಮೇಜಿನ ಬಟ್ಟೆಯ ಅಂಚು ಸರಿಮಾಡುತ್ತ, "ನಂದೂ ಬ್ರೆಂಡಾಗೆ," ಎಂದ.

ಮೊದಲು ಅವಳು ನಂಬಲಿಲ್ಲ. ಕೂಡಲೇ ರೆಮಿಜಿಯಸ್‌ಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟಳು. ಎರಡು ಮತವೂ ಬ್ರೆಂಡಾಗೇ ಹಾಕಿದ್ದಾಗಿಯೂ, ಒಬ್ಬರದು ಇನ್ನೊಬ್ಬರಿಗೆ ಹೇಳಬಾರದೆಂದು ಇಬ್ಬರೂ ಹೇಳಿದ್ದರಿಂದ ಬಾಯಿ ಮುಚ್ಚಿಕೊಂಡದ್ದಾಗಿಯೂ ಅವರು ತಿಳಿಸಿದರು. ಇಷ್ಟು ಪ್ರಚಾರ ಮಾಡಿದ ಮನೆಯಿಂದ ಹಳದಿಗೆ ಒಂದು ಮತವೂ ಹೋಗಿರಲಿಲ್ಲ.

"ಹಾಗಾದ್ರೆ ಅಂಕಲ್, ನಿಮ್ಮದು ಎಂದಿನ ಹಾಗೆ ನೀಲಿಗಾ?" ಎಂದು ಅಮೀರ್ ಕೇಳಿದ.

ರೆಮಿಜಿಯಸ್ ಕೆಮ್ಮಿದರು. "ಎಂತ ಹೇಳುದು ಮಾರಾಯ. ನಿನ್ನ ಮೆಸೇಜ್ ಎಲ್ಲ ಪೂರ್ತಿ ಕೇಳಿದವ ನಾನೊಬ್ಬನೇ ಇರ್ಬೇಕು. ಕೇಳಿ ಕೇಳಿ ನಂಗೇ ಸರಿ ಕಂಡಿತು. ಜೀವಮಾನದಲ್ಲಿ ಮೊದಲ ಸಲ ಹಳದಿಗೆ ಹಾಕಿ ಬಂದೆ. ನನ್ನ ಹೆಂಡತಿಗೆ ಹೇಳ್ಬೇಡಿ."

ಜುವೈರಿಯಾ ನಗುತ್ತ ಸೋಫಾದ ಮೇಲೆ ಒರಗಿದಳು. ಏನಾಯಿತೆಂದು ಕೇಳಿದ ಕುಲ್ಸುಂಗೆ ಮನೆಮಾತು ಬ್ಯಾರಿಯಲ್ಲಿ ಹೇಳಲು ಹೋಗಿ ಮತ್ತೆ ನಕ್ಕಳು. ಅಮೀರ್ ಮೊದಲು ಮುಖ ಗಂಟಿಕ್ಕಿದ, ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಅವಳು ಯಾಕೆ ಬದಲಾಯಿಸಿದಿರಿ ಎಂದು ಕೇಳಿದಳು. ಅವನು, ಆ ಚಳಿಗಾಲ ತಾನು ಮನೆಯಲ್ಲಿರಲಿಲ್ಲವಲ್ಲ ಎಂದಷ್ಟೇ ಹೇಳಿದ. ಅವಳು ಅವನ ಲೋಟವನ್ನು ಎತ್ತಿಕೊಂಡು ಹೋಗಿ ಬಿಸಿ ಚಹಾ ತಂದಿಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಬ್ರೆಂಡಾಗೆ ಸಂದೇಶ ಕಳಿಸಿದಳು. ದೋಹಾದಿಂದ ಮತ ಬಂದದ್ದು ಕೇಳಿ ಕುಣಿಯುವಷ್ಟು ಖುಷಿಯಾಯಿತೆಂದೂ, ಸೋತರೂ ಸೋಮವಾರ ಎಂದಿನಂತೆ ಬಾಗಿಲು ತೆರೆಯುತ್ತೇನೆಂದೂ ಉತ್ತರ ಬಂತು.

ಶುಕ್ರವಾರದ ಜುಮಾ ನಮಾಜು ಮುಗಿಸಿ ಮಸೀದಿಯ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಇಮ್ತಿಯಾಝ್ ಅಮೀರ್‌ನ ಬೆನ್ನು ತಟ್ಟಿದ. ದೋಹಾದಲ್ಲಿ ಕೂತು ಇಂಗ್ಲೆಂಡಿನ ಸೀಟು ತಿರುಗಿಸಿದ ಮನುಷ್ಯ ಇವನೇ ಎಂದು ಪಕ್ಕದಲ್ಲಿದ್ದವರಿಗೆ ಪರಿಚಯಿಸಿದ. ಅಮೀರ್‌ಗೆ ರೆಮಿಜಿಯಸ್‌ರ ಕೆಮ್ಮು ನೆನಪಾಯಿತು.

"ಸೀಟೆಲ್ಲ ಇಲ್ಲ ಮಾರಾಯ," ಎಂದ. "ನಾನು ತಿರುಗಿಸಿದ್ದು ಒಂದೇ ಮತ."

ಎಂಥ ವಿನಯ ನೋಡಿ ಎಂದು ಎಲ್ಲರೂ ಮೆಚ್ಚಿಕೊಂಡರು. ಅಮೀರ್ ಅದನ್ನು ಅಲ್ಲಗಳೆಯಲಿಲ್ಲ.